ಹುಲಗವ್ವನ ಕತ್ತಿ

“ಹುಲಗವ್ವನ ಕತ್ತಿ ಎಲ್ಲದ?” ಬಿದಿರಿನ ಗಳವನ್ನು ಮೊಣಕಾಲಿಗೆ ಒತ್ತಿ ಹಿಡಿದಿದ್ದ ತಾಯಪ್ಪಜ್ಜ ಮತ್ತೊಮ್ಮೆ ಕೂಗಿದ. “ಹೊತ್ತು ಏರಾಕತ್ತದ. ಚಟ್ಟ ಕಟ್ಟೂದು ಬ್ಯಾಡೇನು?”

ಮರಾಠಿ ನಾಡಿನ ಖಡಕಿಯಲ್ಲಿ, ರೈಲು ಹಳಿಯ ಪಕ್ಕದ ಆ ಕೊರವರ ಓಣಿಯಲ್ಲಿ ಯಾರು ಸತ್ತರೂ ಚಟ್ಟದ ಬಿದಿರನ್ನು ಅವರದೇ ಕತ್ತಿಯಿಂದ ಸೀಳಬೇಕು. ಬುಟ್ಟಿ ಹೆಣೆಯುವವರಿಗೆ ಕತ್ತಿಯೆಂದರೆ ಇನ್ನೊಂದು ಕೈ. ಜೀವ ಇರುವ ತನಕ ಯಾರಿಗೂ ಕೊಡುವುದಿಲ್ಲ. ಹೆಂಗಸರು ಹುಲಗವ್ವನ ಗುಡಿಸಲನ್ನೆಲ್ಲ ಜಾಲಾಡಿದ್ದರು. ಮೊರ ಸಿಕ್ಕಿತು, ಅರ್ಧ ಹೆಣೆದ ಬುಟ್ಟಿ ಸಿಕ್ಕಿತು. ಕತ್ತಿ ಸಿಗಲಿಲ್ಲ.

“ಪೊಲೀಸರು ಒಯ್ದಿರಬೇಕು,” ಎಂದರು ಯಾರೋ.

“ಅವರ್ಯಾಕ ಒಯ್ತಾರ, ಬುಟ್ಟಿ ಹೆಣ್ಯಾಕೇನು?” ಎಂದಳು ಹುಲಗವ್ವನ ತಂಗಿ ದುರಗವ್ವ. ಒಬ್ಬಿಬ್ಬರು ನಕ್ಕು, ಕೆಮ್ಮಿ ನಗೆ ಮುಚ್ಚಿಕೊಂಡರು.

ಗೋಡೆಗೆ ಆತು ನಿಂತಿದ್ದ ನೀತಾ ನಗಲಿಲ್ಲ. ಕತ್ತಿ ಅವಳ ಮನೆಯ ಟ್ರಂಕಿನಲ್ಲಿ, ಹಳೆಯ ಸೀರೆಯ ಮಡಿಕೆಯಲ್ಲಿತ್ತು. ಹೊರಗೆ ತಂದರೆ ಯಾವಾಗ ಕೊಟ್ಟಳು ಎಂದು ಕೇಳುತ್ತಾರೆ.

ಆಸ್ಪತ್ರೆಯಿಂದ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದ ಹೆಣ ಅಂಗಳದಲ್ಲಿತ್ತು. ಹುಲಗವ್ವ ತನ್ನ ಕೈಯಾರೆ ಹೋದಳು ಎಂಬುದು ಕಣ್ಣಿನಿಂದ ಕಣ್ಣಿಗೆ ದಾಟುತ್ತಿತ್ತು. ಯಾರ ಬಾಯಿಗೂ ಬರಲಿಲ್ಲ.

*

ಹುಲಗವ್ವನಿಗಿಂತ ಮೊದಲು ಒಂದೇ ವರ್ಷದಲ್ಲಿ ಓಣಿಯ ಮೂವರು ಹಾಗೆಯೇ ಹೋದ ಮೇಲೆ, ೨೦೦೪ರ ಮಳೆಗಾಲದಲ್ಲಿ, ಒಂದು ಸಂಸ್ಥೆಯಿಂದ ಮಾಧುರಿ ಮ್ಯಾಡಮ್ ಬಂದಿದ್ದರು. ಇಂಥ ಸಾವು ತಡೆಯುವುದು ಹೇಗೆಂದು ಅಂಗನವಾಡಿಯಲ್ಲಿ ಎರಡು ದಿನ ತರಬೇತಿ. ಆರನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದರೂ ಮರಾಠಿ ಓದಬಲ್ಲ ನೀತಾಳ ಕೈಗೆ ಕಾಗದಗಳು ಬಂದವು. ಮನೆಮನೆಗೆ ಹೋಗಿ ಹತ್ತು ಪ್ರಶ್ನೆ ಕೇಳಬೇಕು. ಏಳನೆಯದು, ಸಾಯಬೇಕು ಅನ್ನಿಸುತ್ತದೆಯೇ ಎಂಬುದು.

“ನೇರವಾಗಿ ಕೇಳಿ. ಕೇಳಿದ್ದರಿಂದ ಯಾರೂ ಸಾಯುವುದಿಲ್ಲ,” ಎಂದರು ಮ್ಯಾಡಮ್ ಮರಾಠಿಯಲ್ಲಿ.

ಹಿಂದಿನ ಸಾಲಿನಿಂದ ಹುಲಗವ್ವ ಎದ್ದು ನಿಂತಳು. “ಬಾಯೀ, ನಮ್ಮಾಗ ಮನಿ ಒಳಗ ಆ ಮಾತು ಎತ್ತಂಗಿಲ್ರಿ. ಕಣಿ ಹೇಳೂ ಮುಂದ ನಾ ಕೈ ಹಿಡೀತೀನಿ. ಎದಿಯಾಗ ಕಲ್ಲ ಅದ, ಇಳಸವ್ವ ಅಂತೀನಿ. ಅವರಾ ಅತ್ತು ಹೇಳ್ತಾರ. ಮುಂದ ಏನು ಮಾಡಬೇಕು, ಅದನ್ನ ಕಲಸ್ರಿ ನಂಗ.”

ನೀತಾ ತೊದಲುತ್ತ ಆ ಮಾತನ್ನು ಮರಾಠಿಯಲ್ಲಿ ಹೇಳಿದಳು. ಮ್ಯಾಡಮ್ ನಕ್ಕರು. ಕೆಟ್ಟ ನಗೆಯೇನಲ್ಲ. “ಮಾವಶಿ, ಅದು ಮೂಢನಂಬಿಕೆ. ಇನ್ನು ಕಣಿಗಿಣಿ ಬಿಟ್ಟುಬಿಡಿ.”

ಓಣಿಯವರೂ ನಕ್ಕರು. ಹುಲಗವ್ವ ಕೂತಳು. ಮರುದಿನ ಕಣಿಯ ಕೋಲು ಸೂರಿನ ಸಂದಿಗೆ ಹೋಯಿತು. ಅವಳ ಮುಂದೆ ಕೈ ಚಾಚಿ ಕೂರುತ್ತಿದ್ದವರು ಬರುವುದನ್ನು ಬಿಟ್ಟರು. ಹಿಂದಿನ ವರ್ಷ ಬಾಣಂತಿ ಮಗಳನ್ನು ಮಣ್ಣು ಮಾಡಿ ಬಂದವಳು, ಅಲ್ಲಿಯ ತನಕ ಆ ಕೈಗಳನ್ನು ಹಿಡಿದೇ ದಿನ ದೂಡಿದ್ದಳು.

ಎಂಟು ದಿನದ ಹಿಂದೆ ನೀತಾ ಕಾಗದ ಹಿಡಿದು ಹೋದಾಗ, ಹುಲಗವ್ವ ಕತ್ತಿ ಮಸೆಯುತ್ತಿದ್ದಳು. ಅಂಚು ಒರೆಸಿ ಅವಳ ಮಡಿಲಲ್ಲಿಟ್ಟಳು. “ಇಟ್ಕೋ. ನಿನ್ನ ಕೈ ಛಲೋ ಅದ.”

ಪ್ರೀತಿಯ ವಸ್ತುಗಳನ್ನು ಕೊಟ್ಟುಬಿಡುವುದು ಒಂದು ಲಕ್ಷಣ ಎಂದು ಕಾಗದದಲ್ಲಿತ್ತು. ಕೈಗಡಿಯಾರ, ಪುಸ್ತಕ, ಒಡವೆ. ಕತ್ತಿಯ ಹೆಸರಿರಲಿಲ್ಲ. ಆದರೂ ನೀತಾ ಕತ್ತಿಯಿಂದ ಕಣ್ಣೆತ್ತಿ ಹುಲಗವ್ವನ ಮುಖ ನೋಡಿದಳು. ಏಳನೆಯ ಪ್ರಶ್ನೆ ನಾಲಗೆಯ ತನಕ ಬಂದು, ಹೊಸ್ತಿಲೊಳಗೆ ಆಡಬಾರದ ಮಾತೆಂದು ಹಿಂದೆ ಹೋಯಿತು.

“ದೊಡ್ಡವ್ವ, ನಿದ್ದಿ ಬರ್ತದ?”

“ಬರ್ತದವ್ವ.” ಹುಲಗವ್ವ ಎಡಗೈ ಚಾಚಿದಳು. “ನೋಡು, ಏನು ಬರದದ?”

“ನಂಗೆಲ್ಲಿ ಕಣಿ ಬರ್ತದ,” ಎಂದು ನೀತಾ ಎದ್ದುಬಿಟ್ಟಳು. ಓಣಿಯ ತಿರುವಿನಲ್ಲಿ ನಿಂತು, ಏಳರ ಮುಂದೆ ‘ಇಲ್ಲ’ಕ್ಕೆ ಗುರುತು ಹಾಕಿದಳು.

*

ಕೊನೆಗೆ ನೀತಾ ಮನೆಗೆ ಹೋಗಿ ಸೀರೆಯಿಂದ ಬಿಚ್ಚಿ ತಂದ ಕತ್ತಿಯನ್ನು ತಾಯಪ್ಪಜ್ಜ ತಿರುಗಿಸಿ ನೋಡಿದ.

“ಯಾವಾಗ ಕೊಟ್ಟಳು?”

“ಎಂಟು ದಿನ ಆತು, ಅಜ್ಜ.”

“ಎಂಟು ದಿನ!” ಎಂದಳು ದುರಗವ್ವ. “ಟ್ರೇನಿಂಗ್ ಆದಾಕಿ ನೀ. ಟ್ರಂಕಿನ್ಯಾಗ ಮುಚ್ಚಿಟ್ಟಿ.”

ತಾಯಪ್ಪಜ್ಜ ಬೈಯಲಿಲ್ಲ. ಗಳವನ್ನು ನೀತಾಳ ಮುಂದಿಟ್ಟ. “ನಿಂಗ ಕೊಟ್ಟಾಳ. ನೀನಾ ಸೀಳು.”

ಹೊಸದಾಗಿ ಮಸೆದ ಕತ್ತಿ. ಬಿದಿರು ಬೆಣ್ಣೆಯಂತೆ ಸೀಳಿತು.

ಗಂಡಸರು ಚಟ್ಟ ಹೊತ್ತು ಹಳಿ ದಾಟಿ ಹೋದರು. ಹೆಂಗಸರು ಮೈಮೇಲೆ ನೀರು ಹಾಕಿಕೊಳ್ಳಲು ನಳದ ಕಡೆಗೆ ಹೊರಟರು. ದುರಗವ್ವ ಹೋಗಲಿಲ್ಲ. ಬಿದಿರಿನ ಸಿಬರುಗಳ ಮೇಲೆ, ನೀತಾಳ ಎದುರಿಗೆ ಬಂದು ಕೂತಳು. ಬೈಯಲು ಬಂದಳೇನೋ ಎಂದು ನೀತಾ ತಲೆ ತಗ್ಗಿಸಿದಳು.

ದುರಗವ್ವ ಸೊಂಟದಿಂದ ತನ್ನ ಕತ್ತಿ ತೆಗೆದು ನೀತಾಳ ಮಡಿಲಲ್ಲಿಟ್ಟಳು.

“ಇದನ್ನೂ ಇಟ್ಕೋ.”

ನೀತಾ ಕತ್ತಿ ಮುಟ್ಟಲಿಲ್ಲ. ಹಿಂದೆ ಸರಿಯುತ್ತಿದ್ದ ದುರಗವ್ವನ ಕೈಯನ್ನು ಹಿಡಿದಳು. ತಣ್ಣಗಿತ್ತು.

“ಚಿಗವ್ವ, ಎದಿಯಾಗ ಕಲ್ಲ ಅದ, ಇಳಸವ್ವ...”

ಅದರ ಮುಂದಿನ ಮಾತು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಲೋಣಾವಳದ ಲೋಕಲ್ ಬಂತು. ಸೂರಿನ ತಗಡುಗಳು ಅದುರಿದವು. ಸಂದಿಯಲ್ಲಿದ್ದ ಕಣಿಯ ಕೋಲು ಜಾರಿ ಅಂಗಳಕ್ಕೆ ಬಿತ್ತು. ರೈಲು ಹೋಗುವ ತನಕ, ಹೋದ ಮೇಲೂ, ನೀತಾ ಕೈ ಬಿಡಲಿಲ್ಲ.