ಇನ್ನೊಂದು ಹಾಳೆ

"ಅಮ್ಮ, ಇದರಲ್ಲೊಂದು ಗಡಿಯಾರ ಬರಿ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು," ಎಂದು ಸಂಯುಕ್ತಾ ಊಟದ ತಟ್ಟೆಗಳನ್ನು ಸರಿಸಿ ಕಾಗದ, ಪೆನ್ನು ಇಟ್ಟಳು.

ದೆಹಲಿಯ ಲೋಧಿ ಕಾಲೋನಿಯ ಆ ಸರ್ಕಾರಿ ಕ್ವಾರ್ಟರ್ಸಿಗೆ ಅಂದು ಅವಳ ಲ್ಯಾಬಿನ ವಿದ್ಯಾರ್ಥಿಗಳಾದ ಧನ್ಯಾ, ವರುಣ್ ಊಟಕ್ಕೆ ಬಂದಿದ್ದರು. ಮರೆವಿನ ರೋಗಕ್ಕೆ ಮೆದುಳಿನ ಕೋಶಗಳ ಮೇಲಿನ ಯಾವ ಗ್ರಾಹಕವನ್ನು, ಯಾವ ರಿಸೆಪ್ಟರನ್ನು ಹಿಡಿದರೆ ಔಷಧಿ ನಾಟೀತು ಎಂದು ಆರು ವರ್ಷ ಹುಡುಕಿದ ಮೇಲೆ, ಒಂದು ರಿಸೆಪ್ಟರ್ ಇಲಿಗಳಲ್ಲಿ ಆಸೆ ಹುಟ್ಟಿಸಿತ್ತು. ಪ್ರಬಂಧ ಪ್ರಕಟಣೆಗೆ ಒಪ್ಪಿಗೆಯಾಗಿತ್ತು. ಆ ಹುರುಪಿನಲ್ಲಿ ಧನ್ಯಾ, "ಮ್ಯಾಮ್, ನಾನು ಇಲಿಗಳನ್ನಷ್ಟೇ ನೋಡಿರೋದು. ಮನುಷ್ಯರಲ್ಲಿ ಈ ರೋಗ ಹೇಗೆ ಗೊತ್ತಾಗುತ್ತೆ?" ಎಂದಿದ್ದಳು. "ಈಗಲೇ ತೋರಿಸ್ತೀನಿ," ಎಂದುಬಿಟ್ಟಿದ್ದಳು ಸಂಯುಕ್ತಾ.

ಅವಳ ತಾಯಿ ಲೀಲಾವತಿ ಮೂವತ್ತು ವರ್ಷ ಸಚಿವಾಲಯದಲ್ಲಿ ಟೈಪಿಸ್ಟ್ ಆಗಿದ್ದವರು. ಯಾರಾದರೂ ಕೆಲಸ ಹೇಳಿದರೆ ಈಗಲೂ ಬೆನ್ನು ನೆಟ್ಟಗಾಗುತ್ತಿತ್ತು. ವೃತ್ತ ಚೆನ್ನಾಗಿಯೇ ಬಂತು. ಆಮೇಲೆ ಅಂಕಿಗಳೆಲ್ಲ ಬಲಗಡೆಗೇ ಗುಂಪುಗೂಡಿ, ಎಂಟನೇ ಅಂಕಿ ಬರೆಯುವ ಹೊತ್ತಿಗೆ ವೃತ್ತದ ಗೆರೆಯಾಚೆ ಇಳಿದವು. ಮುಳ್ಳು ಎಲ್ಲಿಡುವುದೆಂದು ತಿಳಿಯದೆ ಪೆನ್ನು ಗಾಳಿಯಲ್ಲೇ ನಿಂತಿತು.

"ನೋಡಿ, ದಿಸ್ ಈಸ್ ಕ್ಲಾಸಿಕ್. ಈ ರೋಗದಲ್ಲಿ ಗಡಿಯಾರ ಹೀಗೇ ಬರೋದು," ಎಂದಳು ಸಂಯುಕ್ತಾ.

ಯಾರೂ ನೋಡಲಿಲ್ಲ. ವರುಣ್ ತಲೆ ತಗ್ಗಿಸಿದ. ಲೀಲಾವತಿ ಒಬ್ಬೊಬ್ಬರ ಮುಖವನ್ನೂ ನೋಡಿ, ಕಾಗದವನ್ನು ಅಂಗೈಯಿಂದ ಮುಚ್ಚಿಕೊಂಡು, "ತಪ್ಪಾಯ್ತೇನಮ್ಮಾ? ಇನ್ನೊಂದು ಹಾಳೆ ಕೊಡು, ಸರಿಯಾಗಿ ಮಾಡಿಕೊಡ್ತೀನಿ," ಎಂದರು.

ಆ ಮಾತು ಸಂಯುಕ್ತಾಳ ಕಿವಿಯಿಂದ ಹೋಗಲೇ ಇಲ್ಲ. ಮರುದಿನ ರಜೆ ಹಾಕಿದಳು. ಬಾಲ್ಕನಿಯ ಮಂಚದ ಮೇಲೆ ಚಳಿಗಾಲದ ಬಿಸಿಲಿಗೆ ಕೂತಿದ್ದ ಅಮ್ಮನೆದುರು ನೆಲದಲ್ಲಿ ಕೂತು, "ನಿನ್ನೆ ನಾನು ಮಾಡಿದ್ದು ತಪ್ಪು, ಅಮ್ಮ," ಎಂದಳು.

"ಯಾಕೆ, ನಿನ್ನೆ ಏನಾಯ್ತು?"

ಅಲ್ಲಿಗೇ ಬಿಡಬಹುದಿತ್ತು. ಅಮ್ಮನಿಗೆ ನೆನಪಿಲ್ಲ ಎಂಬ ನೆಮ್ಮದಿ ಒಂದು ಕ್ಷಣ ಸುಳಿದದ್ದಕ್ಕೇ ಅವಳಿಗೆ ಮತ್ತಷ್ಟು ನಾಚಿಕೆಯಾಯಿತು. ಒಂದನ್ನೂ ಬಿಡದೆ ಹೇಳಿದಳು. ಆದರೆ ‘ನೀನು’ ಎನ್ನಲು ಬಾಯಿ ಬರಲಿಲ್ಲ. ಒಬ್ಬ ತಾಯಿ, ಒಬ್ಬ ಮಗಳು ಎಂದೇ ಹೇಳಿ ಮುಗಿಸಿದಳು.

ಲೀಲಾವತಿ ಮನಸ್ಸಿಟ್ಟು ಕೇಳಿದರು. "ಅಯ್ಯೋ ಪಾಪ! ಬಂದವರ ಎದುರಿಗೇ? ಆಕೆಗೆ ಎಷ್ಟು ಅವಮಾನ ಆಗಿರಬೇಡ. ಈಗ ಹೇಗಿದ್ದಾರಂತೆ?"

ಸಂಯುಕ್ತಾ ತಲೆಯೆತ್ತಿ ಅಮ್ಮನನ್ನು ನೋಡಿದಳು.

"ಬಿಸಿಲಿಗೆ ಕೂತಿದ್ದಾರೆ," ಎಂದಳು.

"ಒಳ್ಳೇದಾಯ್ತು. ನೀನೂ ಮೇಲೆ ಬಾ, ನೆಲ ತಣ್ಣಗಿದೆ," ಎಂದು ಲೀಲಾವತಿ ಗೋಡೆಯ ನೆರಳಿನತ್ತ ಸರಿದು, ಬಿಸಿಲಿದ್ದ ಜಾಗವನ್ನು ಅಂಗೈಯಿಂದ ಒರೆಸಿದರು.