ಹದಿನೆಂಟು ಗುಟುಕು ನೀರು

ಹಳೇ ಬಾವಿಯ ಕಟ್ಟೆಯ ಮೇಲೆ ಹೋದ ತಿಂಗಳು ಒಂದು ಕಲ್ಲು ನಿಲ್ಲಿಸಿದ್ದಾರೆ. ಪಟೇಲರ ಮಗ ಬೆಟ್ಟಸ್ವಾಮಿ ಪಿರಿಯಾಪಟ್ಟಣದಿಂದ ಕಲ್ಲುಕುಟಿಗರನ್ನು ಕರೆಸಿ ಕೆತ್ತಿಸಿದ್ದು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಆಕಾಶದಿಂದ ಇಳಿದ ಜನರಿಗೆ ಈ ಊರಿನ ಪಟೇಲ್ ಪುಟ್ಟಮಲ್ಲಪ್ಪನವರು ಈ ಬಾವಿಯ ನೀರು ಕೊಟ್ಟು ಸತ್ಕರಿಸಿದರು ಅಂತ ಇದೆ. ಇನ್ನೊಂದು ಸಲ ಓದಿದೆ. ಆಗಲೂ ಹಾಗೇ ಇತ್ತು.

ಅದು ಸುಳ್ಳು. ನೀರು ಕೊಟ್ಟವಳು ನನ್ನ ಅಕ್ಕ ಚಿಕ್ಕಸಿದ್ದಮ್ಮ. ಆ ನೀರಿಗೋಸ್ಕರ ಅವಳು ಇದೇ ಬಾವಿಯಿಂದ ಇಪ್ಪತ್ತು ಮಾರು ದೂರದಲ್ಲಿ, ಹುಣಸೆಮರದ ಕೆಳಗೆ, ಬೆಳಗಿನಿಂದ ಹೊತ್ತು ನೆತ್ತಿಗೆ ಬರುವ ತನಕ ನಿಂತಿದ್ದಳು. ನಮ್ಮ ಕೇರಿಯವರು ಬಾವಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಊರಿನವರು ಯಾರಾದರೂ ಮನಸ್ಸು ಬಂದಾಗ ಸೇದಿ ತಂದು, ಮೇಲಿನಿಂದ ನಮ್ಮ ಕೊಡಕ್ಕೆ ಹೊಯ್ಯಬೇಕು. ಮನಸ್ಸು ಬಾರದಿದ್ದರೆ ನಿಂತೇ ಇರಬೇಕು.

ಇದು ಮೂವತ್ತಾರು ವರ್ಷದ ಹಿಂದಿನ ಮಾತು. ಗಾವಡಗೆರೆಗೆ ಒಂದೂವರೆ ಹರಿದಾರಿ ದೂರದ ನಮ್ಮ ಊರಿನಲ್ಲಿ ಆಗ ನಾನು ಪಟೇಲರ ಹೊಲ ಉಳುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಸಿದ್ದಕ್ಕ ನಮ್ಮ ಜೊತೆಗೇ ಇದ್ದಳು. ನಾನು, ನನ್ನ ಹೆಂಡತಿ ಪುಟ್ಟಮಾದಮ್ಮ, ಎಂಟು ತಿಂಗಳ ಹೆಣ್ಣುಮಗು, ಸಿದ್ದಕ್ಕ. ನಾಲ್ಕು ಜೀವ, ಒಂದು ಒಲೆ.

ಯುಗಾದಿ ಕಳೆದು ಹದಿನೈದು ದಿನ ಆಗಿತ್ತು. ನಡುಹಗಲಲ್ಲಿ ಆಕಾಶ ಗುಡುಗಿದ ಹಾಗಾಗಿ ದನಗಳೆಲ್ಲ ಹಗ್ಗ ಕಿತ್ತುಕೊಂಡು ಓಡಿದವು. ಗೋಮಾಳದಲ್ಲಿ ಒಂದು ದೊಡ್ಡ ವಸ್ತು ಇಳಿದು ಕೂತಿತು, ರಾಗಿ ತುಂಬುವ ವಾಡೆಯನ್ನು ಬೋರಲು ಹಾಕಿದ ಹಾಗೆ. ಊರಿನ ಬಾಗಿಲೆಲ್ಲ ಮುಚ್ಚಿದವು. ಪಟೇಲರ ಮನೆಯ ಬಾಗಿಲಿಗೆ ಒಳಗಿನಿಂದ ಒನಕೆ ಅಡ್ಡ ಕೊಟ್ಟಿದ್ದರು. ಇದನ್ನು ಬೆಟ್ಟಸ್ವಾಮಿ ಕಲ್ಲಿನಲ್ಲಿ ಕೆತ್ತಿಸಿಲ್ಲ.

ಸಿದ್ದಕ್ಕ ತುಂಬಿದ ಕೊಡ ಹೊತ್ತು ಗೋಮಾಳದ ಹಾದಿಯಲ್ಲೇ ಬರುತ್ತಿದ್ದಳು. ಓಡಿದರೆ ಅರ್ಧ ದಿನ ನಿಂತು ತಂದ ನೀರು ಚೆಲ್ಲಿಹೋಗುತ್ತದೆ ಅಂತ ಓಡಲಿಲ್ಲವಂತೆ. ವಾಡೆಯ ಬಾಗಿಲು ತೆರೆದು ಹದಿನೆಂಟು ಜನ ಇಳಿದರು. ನಮ್ಮ ಹಾಗೇ ಎರಡು ಕಾಲು, ಎರಡು ಕೈ. ಮೈಬಣ್ಣ ಮಳೆಯಲ್ಲಿ ನೆನೆದ ಬಂಡೆಯದು, ಹುಬ್ಬಿಲ್ಲ, ಕೈಗೆ ನಾಲ್ಕೇ ಬೆರಳು. ಎಲ್ಲರ ತುಟಿಯೂ ಒಡೆದಿತ್ತು. ಮುಂದೆ ಇದ್ದ ಮುದುಕ ಕೊಡವನ್ನು ನೋಡಿದ, ಕೇಳಲಿಲ್ಲ. ಸಿದ್ದಕ್ಕ ಕೊಡ ಇಳಿಸಿ ಬಗ್ಗಿಸಿದಳು. ಹದಿನೆಂಟು ಜನ ಒಬ್ಬೊಬ್ಬರು ಒಂದೊಂದೇ ಗುಟುಕು ಕುಡಿದರು. ಎರಡನೆಯದಕ್ಕೆ ಯಾರೂ ಬಾಯಿ ಒಡ್ಡಲಿಲ್ಲ. ಆಮೇಲೆ ಮುದುಕ ತನ್ನ ಕೊರಳಿನ ದಾರಕ್ಕೆ ಒಂದು ಗಂಟು ಹಾಕಿಕೊಂಡ. ಅವನ ಹೆಸರು ಎರುಳ.

ಮೂರೇ ದಿನದಲ್ಲಿ ಅವರಿಗೆ ಮಾತು ಬಂತು. ನಮ್ಮ ಮನೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಿದ್ದಕ್ಕ ಮಗುವಿಗೆ, ಕೋಳಿಗೆ, ನನಗೆ ಬಯ್ಯುವುದನ್ನು ಕೇಳಿ ಕೇಳಿ ಕಲಿತರು. ಅವರ ರೀತಿನೀತಿ ನಮಗೂ ತಿಳಿಯಿತು. ಅವರಲ್ಲಿ ಮೂರು ಕುಲ. ಬೆಂಕಿ ನೋಡುವವರದು ಒಂದು, ದಾರಿ ನೋಡುವವರದು ಒಂದು, ನೀರು ಕಾಯುವವರದು ಒಂದು. ಒಬ್ಬರ ಕೆಲಸ ಇನ್ನೊಬ್ಬರು ಮುಟ್ಟುವುದಿಲ್ಲ, ಆದರೆ ಕುಡಿಯುವುದು ಮಾತ್ರ ಒಂದೇ ಹರವಿಯಿಂದ. ಯಾವ ನೆಲದಲ್ಲಿ ಇಳಿದರೂ ಮೊದಲು ನೀರು ಕೊಟ್ಟವರ ಕುಲವೇ ಅಲ್ಲಿ ಅವರ ಕುಲ. ಆ ಮನೆಯ ಒಬ್ಬೊಬ್ಬರಿಗೂ ಎರುಳನ ದಾರದಲ್ಲಿ ಒಂದೊಂದು ಗಂಟು. ಹೋಗುವಾಗ ಆ ಕುಲವನ್ನು ಬಿಟ್ಟು ಹೋಗುವ ಹಾಗಿಲ್ಲ, ಬರುತ್ತೇವೆ ಎಂದವರನ್ನು ಕರೆದುಕೊಂಡೇ ಹೋಗಬೇಕು. ಸಿದ್ದಕ್ಕನ ಗಂಟಿನ ಪಕ್ಕ ನಮ್ಮ ಮೂವರ ಗಂಟೂ ಬಿತ್ತು.

ಯಾರೂ ಸಾಯಲಿಲ್ಲ ಅಂತ ಖಾತ್ರಿಯಾದ ಮೇಲೆ, ನಾಲ್ಕನೆಯ ದಿನ, ಪಟೇಲರು ಹಾಲು, ರಸಬಾಳೆ ಗೊನೆ, ಕೊಡೆ ಹಿಡಿಯುವ ಆಳು ಎಲ್ಲ ಸಮೇತ ಗೋಮಾಳಕ್ಕೆ ಬಂದರು. ಚಾವಡಿಗೆ ದಯಮಾಡಿಸಬೇಕು, ಜಮಖಾನ ಹಾಸಿದೆ ಅಂದರು. ಎರುಳ ಸಿದ್ದಕ್ಕನ ಮುಖ ನೋಡಿದ. ಅವಳು ನಡೆದಳು, ಅವರು ಹಿಂದೆ ನಡೆದರು. ಚಾವಡಿಯ ಮುಂದಿನ ಹುಣಸೆಮರದ ಹತ್ತಿರ ಅವಳು ನಿಂತಳು, ಚಾವಡಿ ಹತ್ತುವ ಹಕ್ಕು ಕೇರಿಯವರಿಗೆ ಇರಲಿಲ್ಲ. ಹದಿನೆಂಟು ಜನವೂ ನಿಂತರು. ಪಟೇಲರು ಇನ್ನೊಂದು ಸಲ ಕರೆದರು.

"ನಾವು ಸಿದ್ದಕ್ಕನ ಮನೆಯೋರು ಕಣ್ರಯ್ಯ," ಅಂದ ಎರುಳ. "ಅವಳು ನಿಂತ್ಕೊಳ್ಳೋ ತಾವೇ ನಾವು ನಿಂತ್ಕೊಳ್ಳಾದು."

ನಕ್ಷತ್ರ ದಾಟಿ ಬಂದವನ ಬಾಯಲ್ಲಿ ನಮ್ಮ ಕೇರಿಯ ಮಾತು. ಪಟೇಲರ ಮುಖ ಕೆಂಪಾಗಿದ್ದನ್ನು ನಾನು ನೋಡಿದೆ. ಒಳಗೊಳಗೇ ನಕ್ಕೆ ಕೂಡ. ನಗಬಾರದಿತ್ತು.

ಅವತ್ತು ಸಂಜೆಗೆ ತಳವಾರ ಜವರಯ್ಯ ತಮಟೆ ಹೊಡೆದು ಸಾರಿದ. ಸಿದ್ದಮ್ಮನ ಒಲೆಗೆ ಊರಿನ ನೀರಿಲ್ಲ, ಬೆಂಕಿಯಿಲ್ಲ, ಅವಳ ಒಲೆಯಲ್ಲಿ ಉಣ್ಣುವವರಿಗೆ ಕೆಲಸವಿಲ್ಲ. ಎರುಳನ ಕಡೆಯವರು ಬರಿಗೈಯಲ್ಲಿ ಹಳ್ಳದ ಮರಳು ತೋಡಿ ಒರತೆ ಮಾಡಿದರು. ಆ ಕೆಸರು ನೀರು ಅವರಿಗೆ ಒಗ್ಗಿತು. ನಮ್ಮ ಮಗುವಿಗೆ ಒಗ್ಗಲಿಲ್ಲ. ಎರಡೇ ದಿನಕ್ಕೆ ಭೇದಿಯಾಗಿ ಕಣ್ಣು ಒಳಕ್ಕೆ ಹೋದವು.

ಜವರಯ್ಯ ಕೆಟ್ಟವನಲ್ಲ. ಅವನೇ ಬಂದು, ಒಲೆ ಬೇರೆ ಅಂದುಬಿಡು, ನಿನ್ನ ಹೆಂಡತಿಗೆ ನೀರು ಹೊಯ್ಯಿಸುತ್ತೇನೆ ಅಂದ. ನಮ್ಮ ಕಡೆ ಇದು ನಡೆದು ಬಂದದ್ದೇ. ಒಂದು ಮನೆಗೆ ಬಹಿಷ್ಕಾರ ಬಿದ್ದರೆ ಅಣ್ಣನೋ ತಮ್ಮನೋ ಒಲೆಯ ಮೂರು ಕಲ್ಲಿನಲ್ಲಿ ಒಂದನ್ನು ಕಿತ್ತು ಅಂಗಳಕ್ಕೆ ತಂದಿಟ್ಟುಕೊಂಡು, ಚಾವಡಿ ಮುಂದೆ ನಮ್ಮದು ಬೇರೆ ಅನ್ನುತ್ತಾನೆ. ಅದು ತೋರಿಕೆಗೆ ಅಂತ ಹೇಳುವವನಿಗೂ ಗೊತ್ತು, ಕೇಳುವ ಪಟೇಲರಿಗೂ ಗೊತ್ತು. ತಿಂಗಳು ಕಳೆದ ಮೇಲೆ ಕಲ್ಲು ಮತ್ತೆ ಒಳಗೆ ಹೋಗುತ್ತದೆ.

ನಾನು ಸಿದ್ದಕ್ಕನ ಮುಖ ನೋಡಿದೆ.

"ಯೋಳ್ಬುಡು ಕಣ್ಲಾ," ಅಂದಳು. "ಮಾತಲ್ವಾ. ಮಗೀಗೆ ನೀರಾಯ್ತದೆ."

ಕಲ್ಲು ಕಿತ್ತೆ. ಬಿಸಿಯಿತ್ತು. ಚಾವಡಿ ಮುಂದೆ ಕೈಕಟ್ಟಿ ನಿಂತು, ಅವಳ ಒಲೆ ಬೇರೆ, ನನ್ನ ಒಲೆ ಬೇರೆ ಅಂದೆ. ಅಷ್ಟಕ್ಕೇ ಬಿಡುವುದು ವಾಡಿಕೆ. ಪಟೇಲರು ಬಿಡಲಿಲ್ಲ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ, ಅವಳು ನನ್ನವಳಲ್ಲ ಅಂತಲೂ ಹೇಳು, ಮರದ ಕೆಳಗಿರುವವರಿಗೆ ಕೇಳಿಸುವ ಹಾಗೆ ಹೇಳು ಅಂದರು. ನನಗೆ ಮಗುವಿನ ಕಣ್ಣು ಕಾಣುತ್ತಿತ್ತು.

"ಅವಳು ನನ್ನೋಳಲ್ಲ," ಅಂದೆ, ಕೂಗಿ.

ಹುಣಸೆಮರದ ಕೆಳಗೆ ಸಿದ್ದಕ್ಕನ ಪಕ್ಕ ಎರುಳ ನಿಂತಿದ್ದ. ಅವನ ಕೈ ಕೊರಳಿಗೆ ಹೋದದ್ದನ್ನು ನೋಡಿದೆ. ದಾರದ ಮೇಲೆ ನಾಲ್ಕು ಬೆರಳು ಸ್ವಲ್ಪ ಹೊತ್ತು ಆಡಿದವು. ಏನು ಮಾಡಿದ ಅಂತ ನನಗೆ ಅರ್ಥವಾಗಲಿಲ್ಲ. ಆ ಮಧ್ಯಾಹ್ನವೇ ನೀರು ಸಿಕ್ಕಿತು. ಎರಡು ದಿನದಲ್ಲಿ ಮಗು ಚೇತರಿಸಿಕೊಂಡಿತು.

ಒಂಬತ್ತನೆಯ ದಿನ ಎರುಳ ಬಂದು, ವಾಡೆ ಸರಿಹೋಯಿತು, ಹೊರಡೋಣ ಅಂದ. ಅಲ್ಲಿ ಒಂದೇ ಹರವಿ, ಯಾರಿಗೂ ದೂರ ನಿಲ್ಲುವ ಜಾಗ ಅಂತಲೇ ಇಲ್ಲ ಅಂದ. ಸಿದ್ದಕ್ಕ ಬಹಳ ಯೋಚಿಸಲಿಲ್ಲ. ಬೀಸುವ ಕಲ್ಲಿನ ಮೇಲಿನ ಹೋಳು, ಎರಡು ಸೀರೆ, ಇಷ್ಟು ಕಟ್ಟಿದಳು, ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡಳು. ನಾವೂ ಕಟ್ಟಿದೆವು. ನನ್ನ ಜನ್ಮದಲ್ಲಿ ಅಷ್ಟು ಹಗುರಾಗಿ ನಾನು ಯಾವತ್ತೂ ನಡೆದಿರಲಿಲ್ಲ. ಪಟೇಲರ ಎತ್ತುಗಳು ನಾಳೆ ಯಾರ ದಾರಿ ಕಾಯುತ್ತವೆ ಅಂತ ಹೆಂಡತಿಗೆ ಹೇಳಿ ನಗಿಸಿದೆ.

ವಾಡೆಯ ಬಾಗಿಲಲ್ಲಿ ಎರುಳ ನನ್ನ ಎದೆಯ ಮೇಲೆ ಅಂಗೈ ಇಟ್ಟು ತಡೆದ.

"ಇವ ನಿನ್ನೋನಲ್ಲ," ಅಂದ, ಸಿದ್ದಕ್ಕನಿಗೆ.

"ನನ್ನ ತಮ್ಮ ಕಣಪ್ಪ."

"ಅಲ್ಲ ಅಂತ ಅವನೇ ಅಂದ. ನಾನು ಕೇಳಿವ್ನಿ."

ದಾರ ತೋರಿಸಿದ. ನಾಲ್ಕು ಗಂಟಿದ್ದ ಕಡೆ ಒಂದೇ ಇತ್ತು. ಸಿದ್ದಕ್ಕ ಬಿಡಿಸಿ ಬಿಡಿಸಿ ಹೇಳಿದಳು. ನಾನೇ ಹೇಳಿಸಿದ್ದು, ಮಗುವಿಗಾಗಿ, ತೋರಿಕೆಗೆ, ಕಲ್ಲು ಮತ್ತೆ ಒಳಗೆ ಹೋಗುತ್ತದೆ ಅಂದಳು. ಅವನು ಕಿವಿಗೊಟ್ಟು ಕೇಳಿದ. ಆದರೆ ತೋರಿಕೆಗೆ ಒಂದು ಮಾತು ಆಡುವುದು ಅನ್ನುವುದೇ ಅವನ ತಲೆಗೆ ಹತ್ತಲಿಲ್ಲ. ಅವನು ಕೋಪ ಮಾಡಿಕೊಳ್ಳದೆ ನಿಧಾನವಾಗಿ ಹೇಳಿದ. ಮೇಲೆ ನೆಲವಿಲ್ಲ, ಗಾಳಿಯಿಲ್ಲ, ಇರುವುದು ಒಂದು ಹರವಿ. ನಾನು ಇದರವನಲ್ಲ ಅಂತ ಬಾಯಲ್ಲಿ ಒಮ್ಮೆ ಅಂದವನನ್ನು ಒಳಗಿಟ್ಟುಕೊಂಡು ಹೋದ ದೋಣಿಗಳು ತಿರುಗಿ ಬಂದಿಲ್ಲ. ಹೆಂಡತಿ, ಮಗು ಅವನ ಒಲೆಯವರು. ನೀನೊಬ್ಬಳೇ ಬಾ.

ಪಟೇಲರ ಬೈಗುಳ ಕೇಳಿ ಅಭ್ಯಾಸವಿತ್ತು. ಈ ಮೆತ್ತನೆಯ ಮಾತಿಗೆ ನನ್ನ ರಕ್ತ ಕುದಿಯಿತು. ಕೈ ಎತ್ತುತ್ತಿದ್ದೆನೋ ಏನೋ, ಅಷ್ಟರಲ್ಲಿ ಸಿದ್ದಕ್ಕ ತಲೆಯ ಮೇಲಿನ ಗಂಟುಮೂಟೆಯನ್ನು ನೆಲಕ್ಕೆ ಒಗೆದಳು. ಬೀಸುವ ಕಲ್ಲು ಅವನ ಕಾಲ ಹತ್ತಿರ ಬಿತ್ತು.

"ಅಲ್ಲಿ ಪಟೇಲ ಬಾಯಲ್ಲಿ ಕಟ್ಟಾಕ್ತಾನೆ, ನೀನು ದಾರದಲ್ಲಿ ಕಟ್ಟಾಕ್ತೀಯ. ಯತ್ವಾಸ ಏನು ಯೋಳು," ಅಂದಳು. "ನನ್ನ ನೀರ್ನ ನಂಗೆ ಕೊಟ್ಬುಟ್ಟು ಓಗು. ಅದಿನೆಂಟು ಗುಟುಕು. ಒಂದೂ ಕಮ್ಮಿ ಬ್ಯಾಡ."

ಅವರ ಕಡೆಯವರೆಲ್ಲ ತಲೆ ತಗ್ಗಿಸಿದರು. ಕೊಟ್ಟವರು ನೀರು ವಾಪಸು ಕೇಳಿದರೆ ಅಲ್ಲಿಗೆ ಕುಲ ಮುಗಿಯಿತು, ಕೊಡಲೇಬೇಕು, ಅದೂ ಬಂದ ಕಡೆಯಿಂದಲೇ ತಂದು. ನೀರು ಎಲ್ಲಿಯದು ಅಂತ ಎರುಳ ಕೇಳಿದ. ಅವಳು ಊರ ಬಾವಿಯ ಕಡೆ ಕೈ ತೋರಿಸಿದಳು.

ಒಂಬತ್ತು ದಿನ ಅವನು ಹುಣಸೆಮರ ದಾಟಿರಲಿಲ್ಲ, ಅವಳು ದಾಟುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ. ಈಗ ಅವನು ಅವಳವನಲ್ಲ. ಅವಳ ಕೊಡ ತೆಗೆದುಕೊಂಡು ಮರ ದಾಟಿದ, ಸೀದಾ ಕಟ್ಟೆ ಹತ್ತಿದ. ನಡುಮಧ್ಯಾಹ್ನ. ಪಟೇಲರು, ದೊಣ್ಣೆ ಹಿಡಿದ ಏಳೆಂಟು ಜನ, ಎಲ್ಲ ಅಲ್ಲೇ ಇದ್ದರು. ಒಬ್ಬನೂ ಕೈ ಎತ್ತಲಿಲ್ಲ. ಅವನು ಹಗ್ಗವನ್ನು ರಾಟೆಗೆ ಹಾಕದೆ ಬರಿಗೈಯಲ್ಲೇ ಎಳೆದು ಕೊಡ ತುಂಬಿದ. ಆಮೇಲೆ ಅಲ್ಲೇ ನಿಂತು ಸಿದ್ದಕ್ಕನನ್ನು ಕರೆದ. ಬಂದ ಜಾಗದಲ್ಲೇ, ಕೈಯಿಂದ ಕೈಗೆ ಕೊಡಬೇಕಂತೆ.

ಸಿದ್ದಕ್ಕ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಕಟ್ಟೆ ಹತ್ತಿದಳು. ನಮ್ಮ ಅಜ್ಜಿ, ನಮ್ಮ ಅವ್ವ ಯಾರೂ ಕಾಲಿಡದ ಕಲ್ಲು. ಪಟೇಲರು ಏಯ್ ಅಂದರು, ಅಷ್ಟೇ. ಅವಳು ತಿರುಗಿಯೂ ನೋಡಲಿಲ್ಲ. ಕೊಡ ಇಸಕೊಂಡು ಒಂದು ಗುಟುಕು ಕುಡಿದಳು. ನನ್ನ ಕಡೆ ತಿರುಗಿ ಬಾ ಅಂದಳು. ಹತ್ತಿದೆ. ಒಂದು ಗುಟುಕು ಕುಡಿಸಿದಳು. ಪುಟ್ಟಮಾದಮ್ಮನಿಗೆ ಒಂದು. ಬೆರಳು ಅದ್ದಿ ಮಗುವಿನ ತುಟಿಗೆ ಒಂದಿಷ್ಟು.

ಎರುಳ ನೋಡುತ್ತಿದ್ದ. ಒಂದೇ ಕೊಡದಿಂದ ಕುಡಿದವರು ಒಂದು ಕುಲ, ಅದು ಅವನದೇ ಕಟ್ಟಳೆ. ಅವನ ಮುಖ ಅರಳಿತು. ಕೈ ಕೊರಳಿನ ದಾರಕ್ಕೆ ಹೋಯಿತು. ಸಿದ್ದಕ್ಕ ಇನ್ನೊಂದು ಸಲ ತನಗೆ ಕೊಡ ಬಗ್ಗಿಸಿದರೆ ಸಾಕು, ನಾಲ್ಕೂ ಗಂಟು ಮತ್ತೆ ಕಟ್ಟುತ್ತೇನೆ, ನಾಲ್ಕು ಜನವೂ ಬನ್ನಿ ಅಂದ.

ನನ್ನ ಕಾಲು ಆಗಲೇ ಗೋಮಾಳದ ಕಡೆ ತಿರುಗಿತ್ತು.

"ಬ್ಯಾಡ. ಕಟ್ಬ್ಯಾಡ," ಅಂದಳು ಸಿದ್ದಕ್ಕ. "ದಾರ ನಿನ್ನ ಕೈಲಿರೋ ತಂಕ ನಾನು ಬರಾಕಿಲ್ಲ."

ಉಳಿದ ನೀರನ್ನು ಅವಳು ಯಾರಿಗೂ ಕೊಡಲಿಲ್ಲ. ಕೊಡ ಸೊಂಟಕ್ಕೆ ಇಟ್ಟುಕೊಂಡು ಕೇರಿಯ ಕಡೆ ನಡೆದಳು. ಎರುಳ ಕಟ್ಟೆ ಇಳಿದು ಗೋಮಾಳದ ಕಡೆ ಹೋದ. ಹೊತ್ತು ಇಳಿಯುವುದರೊಳಗೆ ವಾಡೆಯೂ ಹೋಯಿತು. ಗೋಮಾಳದಲ್ಲಿ ಸುಟ್ಟ ಹುಲ್ಲು ಉಳಿಯಿತು.

ಕೇರಿಯವರು ಕಟ್ಟೆ ಹತ್ತಿದರು ಅಂತ ಬಾವಿ ಕೆಟ್ಟಿತು ಅಂದರು. ಶುದ್ಧ ಮಾಡಿಸಿದರೂ ಮನಸ್ಸು ಒಪ್ಪದೆ ಊರಿನವರು ಮೂಡಲ ಕಡೆ ಬೇರೆ ಬಾವಿ ತೋಡಿಸಿಕೊಂಡರು. ತೋಡಿದವರು ನಾವೇ. ಹಳೇ ಬಾವಿ ನಮಗೆ ಉಳಿಯಿತು. ಈಗ ಬೆಟ್ಟಸ್ವಾಮಿ ಅದಕ್ಕೆ ತನ್ನಪ್ಪನ ಹೆಸರು ಹಾಕಿಸಿದ್ದಾನೆ. ಮೂವತ್ತಾರು ವರ್ಷ ಅವರಲ್ಲಿ ಒಬ್ಬರೂ ಇದರ ಒಂದು ತೊಟ್ಟು ನೀರು ಮುಟ್ಟಿಲ್ಲ.

ವಾಡೆ ಹೋದ ದಿನ ನಾನು ಮನೆಗೆ ಬಂದಾಗ ಸಿದ್ದಕ್ಕ ಎರಡು ಕಲ್ಲಿನ ಒಲೆ ಮುಂದೆ ಕೂತಿದ್ದಳು. ಅಂಗಳದ ಕಲ್ಲು ತಗೊಂಡು ಬಾ ಅಂದಳು. ತಂದಿಟ್ಟೆ. ಗಂಜಿ ಬೇಯಿಸಿದಳು. ಉಂಡೆವು. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಪಟೇಲರ ಮೇಲೆ, ಎರುಳನ ಮೇಲೆ, ಸುಳ್ಳು ಯಾಕೆ, ಅಕ್ಕನ ಮೇಲೂ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಮಗಳು ದೊಡ್ಡವಳಾಗಿ ಪಟೇಲರ ಕೊಟ್ಟಿಗೆಯಲ್ಲಿ ಸಗಣಿ ಬಾಚುವುದನ್ನು ನೋಡಿದ ದಿನ ಕೇಳಿಯೇ ಬಿಟ್ಟೆ, ಯಾಕೆ ಬೇಡ ಅಂದೆ ಅಂತ.

ಅವಳು ರಾಗಿ ಕೇರುತ್ತಿದ್ದಳು.

"ಇಲ್ಲಿ ಆಚೆಗೆ ನೂಕುದ್ರೆ ನಿಂತ್ಕೊಳ್ಳಾಕೆ ಒಂದು ಉಣಿಸೆಮರ ಆದ್ರೂ ಅದೆ," ಅಂದಳು. "ಅಲ್ಲೇನದೆ?"

ಅದು ಸರಿ ಅಂತ ನನಗೆ ಗೊತ್ತು. ಸಿಟ್ಟು ಮಾತ್ರ ಹಾಗೇ ಇದೆ. ಸಿದ್ದಕ್ಕ ತೀರಿಕೊಂಡು ಎರಡು ವರ್ಷ ಆಯಿತು.

ಈಗ ನಾನು ದಿನಾ ಬೆಳಗಾಗುತ್ತಲೇ ಬಾವಿಗೆ ಹೋಗುತ್ತೇನೆ. ಕಟ್ಟೆಯ ಕೆಳಗಿನ ಜೇಡಿಮಣ್ಣು ಕಲಸಿ ಆ ಕಲ್ಲಿನ ಅಕ್ಷರಗಳಿಗೆ ಒಂದೊಂದಾಗಿ ಮೆತ್ತುತ್ತೇನೆ, ಪುಟ್ಟಮಲ್ಲಪ್ಪ ಅನ್ನುವ ಕಡೆ ಸ್ವಲ್ಪ ಜಾಸ್ತಿ. ತೊಳೆಯುವುದಕ್ಕೆ ಬೆಟ್ಟಸ್ವಾಮಿ ಆಳು ಕಳಿಸುತ್ತಾನೆ. ಆ ಆಳು ತೊಳೆಯುವ ನೀರನ್ನು ಮೂಡಲ ಬಾವಿಯಿಂದ ಹೊತ್ತು ತರಬೇಕು, ಈ ಬಾವಿಯದನ್ನು ಮುಟ್ಟುವ ಹಾಗಿಲ್ಲವಲ್ಲ. ದೂರ ಇದೆ. ದಿನಾ ಬರುತ್ತಾನೆ, ತೊಳೆದು ಹೋಗುತ್ತಾನೆ. ಮಾರನೆಯ ಬೆಳಗ್ಗೆ ನಾನು ಮತ್ತೆ ಮಣ್ಣು ಕಲಸುತ್ತೇನೆ.