ಬ್ರೇಕಮ್ಮನ ಕಾರು

"ಟೈಲರಣ್ಣ, ಕೈ ಹಾಕಬೇಡಿ, ಗಾಜಿದೆ!" ಎಂದು ಮೆಕ್ಯಾನಿಕ್ ಕೂಗುವಷ್ಟರಲ್ಲಿ ಟೈಲರ್ ನುಜ್ಜುಗುಜ್ಜಾದ ಕಾರಿನ ಸೀಟಿನ ಕೆಳಗೆ ಭುಜದವರೆಗೂ ತೋಳು ತೂರಿಸಿಯಾಗಿತ್ತು. ತೀರಿಕೊಂಡ ಹೆಂಡತಿಯನ್ನು ಹಾಲ್‌ನಲ್ಲಿ ಮಲಗಿಸಿ, ಮಣ್ಣಿಗೆ ಬಂದವರನ್ನೆಲ್ಲ ಕಾಯಲು ಬಿಟ್ಟು, ಅವನು ಗ್ಯಾರೇಜಿಗೆ ಓಡಿಬಂದಿದ್ದ. ಅವಳ ಕನ್ನಡಕ ಬೇಕಿತ್ತು. ಅದಿಲ್ಲದೆ ಅವಳ ಮುಖ ಇನ್ಯಾರದೋ ಮುಖದಂತೆ ಕಂಡು ಅವನಿಗೆ ತಡೆಯಲಾಗಿರಲಿಲ್ಲ.

ಅವಳು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವಳು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದ ಈ ಬಿಳಿ ಕಾರಿನಲ್ಲೇ ಅರ್ಧ ಊರು ಕಲಿತಿತ್ತು. ಊರವರ ಬಾಯಲ್ಲಿ ಅವಳು ಬ್ರೇಕಮ್ಮ. ಮೊನ್ನೆ ಅಡ್ಡರಸ್ತೆಯಿಂದ ನುಗ್ಗಿದ ಲಾರಿ ಅವಳು ಕೂತಿದ್ದ ಬದಿಯನ್ನೇ ಅಪ್ಪಚ್ಚಿ ಮಾಡಿತ್ತು.

ಕನ್ನಡಕ ಸಿಕ್ಕಿತು. ಒಂದು ಗೀರೂ ಬಿದ್ದಿರಲಿಲ್ಲ.

"ಇದನ್ನೇನು ಮಾಡೋಣ ಅಣ್ಣ?" ಮೆಕ್ಯಾನಿಕ್ ಕಾರಿನತ್ತ ನೋಡದೆ ಕೇಳಿದ. "ನಿಮ್ಮ ಮಗ, ಇವತ್ತೇ ಗುಜರಿಗೆ ಹಾಕಿ, ಕಣ್ಣೆದುರು ಇರೋದು ಬೇಡ ಅಂತಾನೆ. ಮಗಳು, ಮುಟ್ಟಿದ್ರೆ ನೋಡಿ ಅಂತಾಳೆ. ಮಧ್ಯ ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದೀನಿ."

"ಮೊದಲು ಅವಳನ್ನ ಕಳಿಸಿ ಬರೋಣ, ತಡಿಯಪ್ಪ."

* * *

ಮದುವೆಯ ಹೊಸತರಲ್ಲಿ ಅವನೂ ಒಮ್ಮೆ ಕಲಿಯಲು ಕೂತಿದ್ದ. ಹೊಲಿಗೆ ಮಷೀನು ತುಳಿದು ರೂಢಿಯಾದ ಕಾಲು ಆಕ್ಸಿಲರೇಟರಿನ ಮೇಲೂ ಅದೇ ತಾಳ ಹಾಕಿತು. ಕಾರು ಕಪ್ಪೆಯಂತೆ ಕುಪ್ಪಳಿಸಿತು. ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

"ರೀ, ಇಳೀರಿ. ನೀವು ಹಿಂದೆ ಕೂತ್ಕೊಳ್ಳಿ. ಜೀವನಪೂರ್ತಿ ನಾನೇ ಕರ್ಕೊಂಡು ಓಡಾಡ್ತೀನಿ."

"ಪಕ್ಕದಲ್ಲಿ ಕೂರಲಾ?"

"ಅಲ್ಲೂ ಪೆಡಲ್ ಇದೆ. ನಿಮ್ಮ ಕಾಲು ಸುಮ್ನಿರಲ್ಲ."

ಅಂದಿನಿಂದ ಹಿಂದಿನ ಸೀಟು ಅವನದಾಯಿತು. ಸಂಜೆ ಅಂಗಡಿ ಮುಚ್ಚಿ ಬಂದು, ಅಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ. ಮುಂದೆ ಬೆವರುತ್ತಿದ್ದವರನ್ನು ಅವಳು ಗದರುತ್ತಿದ್ದಳು: "ಹೆದರ್ಕೊಳ್ಳಿ, ಬೇಡ ಅನ್ನಲ್ಲ. ಕಣ್ಣು ಬಿಟ್ಕೊಂಡು ಹೆದರ್ಕೊಳ್ಳಿ!"

* * *

ಕನ್ನಡಕ ಹಾಕಿದ ಮೇಲೆ ಅವಳು ಅವಳಾದಳು. ಹಾಗೆಯೇ ಕಳಿಸಿಕೊಟ್ಟರು.

ಮಣ್ಣು ಹಾಕಿ ಜನ ಚದುರುವಾಗ ಮಕ್ಕಳು ಮತ್ತೆ ಶುರುಮಾಡಿದರು.

"ಅಮ್ಮನ್ನ ಕೊಂದಿದ್ದನ್ನ ಅಂಗಳದಲ್ಲಿ ಇಟ್ಕೋಬೇಕಾ?" ಎಂದ ಮಗ.

"ಕೊಂದಿದ್ದು ಲಾರಿ ಕಣೋ," ಎಂದಳು ಮಗಳು. ಸ್ಕೂಲಿನಲ್ಲಿ ತಾಯಿಗೆ ನೆರವಾಗುತ್ತಿದ್ದವಳು ಅವಳೇ.

ದೂರದಲ್ಲಿ ಬೇಕರಿಯ ಹೆಂಗಸು ಹಣೆಗೆ ಬ್ಯಾಂಡೇಜು ಕಟ್ಟಿಕೊಂಡು ಒಬ್ಬಳೇ ನಿಂತಿದ್ದಳು. ಮೊನ್ನೆ ಸ್ಟೀರಿಂಗ್ ಹಿಡಿದಿದ್ದವಳು. ಟೈಲರ್ ತಾನೇ ಅವಳ ಹತ್ತಿರ ಹೋದ.

"ಅಣ್ಣ, ನಾನು ಕಣ್ಣು ಮುಚ್ಚಿಬಿಟ್ಟೆ," ಎಂದಳು ಅವಳು. "ಅಕ್ಕನೇ ಬ್ರೇಕ್ ಒತ್ತಿದ್ರು. ಇಲ್ದಿದ್ರೆ ನಾನೂ ಇರ್ತಿರಲಿಲ್ಲ. ಇನ್ನು ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಲ್ಲ."

ಈಕೆಯ ಮೇಲೆ ಸಿಟ್ಟು ಬಂದೀತೆಂದು ಅವನು ಮೊನ್ನೆಯಿಂದ ಕಾಯುತ್ತಿದ್ದ. ಬರಲಿಲ್ಲ. ಬಂದದ್ದು ಹೆಂಡತಿಯ ಮೇಲಿನ ಹೆಮ್ಮೆ, ಅದರ ಬೆನ್ನಿಗೇ ಅಳು. ಅತ್ತು, ಮೂಗೊರೆಸಿಕೊಂಡು, ಮಣ್ಣಿಗೆ ಬಂದಿದ್ದ ಮೆಕ್ಯಾನಿಕ್‌ನನ್ನು ಕರೆದ.

"ಅವಳ ಕಡೆಯ ಪೆಡಲ್‌ಗಳು ನೆಟ್ಟಗಿವ್ಯಾ?"

"ಬ್ರೇಕು ಸ್ವಲ್ಪ ಬಾಗಿದೆ. ಸರಿ ಮಾಡ್ಬಹುದು."

"ಬಿಚ್ಚಿ ಮಗಳ ಕಾರಿಗೆ ಹಾಕು. ಮಿಕ್ಕಿದ್ದು ಗುಜರಿಗೆ."

"ನಾನು ಕಲಿಸ್ಬೇಕಾ ಅಪ್ಪ?" ಎಂದಳು ಮಗಳು.

"ನೀನಲ್ದೆ ನಾನಾ? ನನ್ನ ಕಾಲಿನ ಕತೆ ಊರಿಗೇ ಗೊತ್ತು."

ಮಗಳು ಅಳುತ್ತಲೇ ನಕ್ಕಳು. ಮಗ ಅಕ್ಕನ ಹೆಗಲ ಮೇಲೆ ಕೈಯಿಟ್ಟ. ಟೈಲರ್ ಮಗಳ ಕಾರಿನ ಕೀ ಇಸಿದುಕೊಂಡು ಬೇಕರಿಯವಳ ಮುಂದೆ ಹಿಡಿದ.

"ಬೇಡ ಅಣ್ಣ, ನನ್ನಿಂದಾಗಲ್ಲ."

"ನಿಧಾನಕ್ಕೆ ನಡಿಯಮ್ಮ. ಇವಳು ಪಕ್ಕದಲ್ಲಿರ್ತಾಳೆ. ಹಿಂದೆ ನಾನಿರ್ತೀನಿ."

ಸ್ಮಶಾನದ ಗೇಟು ದಾಟಿ, ಮೊದಲ ಸಿಗ್ನಲ್ಲಿಗೇ ಕಾರು ಗಕ್ಕನೆ ನಿಂತು ಆಫ್ ಆಯಿತು. ದೀಪ ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ಬೇಕರಿಯವಳು ಕೀ ತಿರುಗಿಸುತ್ತಲೇ ಇದ್ದಳು. ಟೈಲರ್ ತಿರುಗಿ ನೋಡಿದ. ಬ್ರೇಕಮ್ಮನ ಹತ್ತಿರ ಕಲಿತವರ ಕಾರುಗಳು, ವ್ಯಾನುಗಳು, ಒಂದು ಆಂಬುಲೆನ್ಸು, ಒಂದರ ಹಿಂದೊಂದು ಸ್ಮಶಾನದ ಗೇಟಿನವರೆಗೂ ನಿಂತಿದ್ದವು. ಒಬ್ಬರೂ ಹಾರ್ನ್ ಒತ್ತಲಿಲ್ಲ.